ನಗರಯುದ್ಧದ ಹೆಗಲ ರಾಕೆಟ್‌ಗಳು: ಎದುರಿನ ಗೋಡೆ, ಬೆನ್ನ ಹಿಂದಿನ ಗೋಡೆ

ಕೋಟೆಬಾಗಿಲು

ಹೆಗಲ ಮೇಲಿಟ್ಟು ಹಾರಿಸುವ ರಾಕೆಟ್ ಲಾಂಚರ್ ಬಗ್ಗೆ ಮಾತು ಬಂದಾಗಲೆಲ್ಲ ಚರ್ಚೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೆ: ಎಷ್ಟು ಮಿಲಿಮೀಟರ್ ಉಕ್ಕು ಕೊರೆಯುತ್ತೆ? 1942ರಲ್ಲಿ ಬಝೂಕಾ ಬಂದಾಗ ಆ ಪ್ರಶ್ನೆ ಸರಿಯಾಗಿತ್ತು. 1961ರಲ್ಲಿ ಆರ್‌ಪಿಜಿ-7 ಬಂದಾಗಲೂ ಸರಿಯೇ. ಆದರೆ ಈಚಿನ ಲಾಂಚರ್‌ಗಳನ್ನು ನೋಡಿ: ಮಾಟಡೋರ್, ಇಕ್ಕಟ್ಟಿನ ಜಾಗಕ್ಕೆಂದು ಮಾಡಿದ ಎಟಿ4 ಸಿಎಸ್, ಎಂ141, ಎಂ72ರ ಹೊಸ ಎಫ್‌ಎಫ್‌ಇ (ಕೋಣೆಯೊಳಗಿಂದ ಹಾರಿಸೋ ಮಾದರಿ). ಇವನ್ನು ಮಾಡಿದವರು ತಲೆ ಕೆಡಿಸಿಕೊಂಡಿರೋದು ಎರಡು ಗೋಡೆಗಳ ಬಗ್ಗೆ. ಒಂದು ಎದುರಿಗಿರೋ ಗೋಡೆ, ಅದನ್ನು ಒಡೀಬೇಕು. ಇನ್ನೊಂದು ಹಾರಿಸುವವನ ಬೆನ್ನ ಹಿಂದಿನ ಗೋಡೆ, ಅದು ಅವನನ್ನೇ ಕೊಲ್ಲಬಾರದು. ನನಗೆ ಎರಡನೆಯದೇ ದೊಡ್ಡ ಕಥೆ ಅನಿಸುತ್ತೆ, ಅದರ ಬಗ್ಗೆ ಕನ್ನಡದಲ್ಲಿ ಯಾರೂ ವಿವರವಾಗಿ ಬರೆದದ್ದು ಕಾಣೆ.

ಸಾಮಾನ್ಯ ಲಾಂಚರ್ ಅಂದರೆ ಎರಡೂ ತುದಿ ತೆರೆದಿರುವ ಕೊಳವೆ. ಮುಂದಿನಿಂದ ಸಿಡಿತಲೆ ಹೋಗುತ್ತೆ, ಹಿಂದಿನಿಂದ ಬೆಂಕಿ, ಬಿಸಿ ಅನಿಲ, ಮದ್ದಿನ ಚೂರು ಹೋಗುತ್ತೆ. ಬಯಲಲ್ಲಿ ಇದಕ್ಕೆ ಹತ್ತಾರು ಮೀಟರ್ ಜಾಗ ಬಿಟ್ಟರೆ ಮುಗೀತು. ಅದೇ ಲಾಂಚರನ್ನು ಸಣ್ಣ ಕೋಣೆಯ ಕಿಟಕಿಯಿಂದ ಹಾರಿಸಿದರೆ ಹಿಂದಕ್ಕೆ ಹೋದದ್ದೆಲ್ಲ ಗೋಡೆಗೆ ಬಡಿದು ವಾಪಸ್ ಬರುತ್ತೆ.

ಊರೊಳಗಿನ ಕಾಳಗದಲ್ಲಿ ಕಟ್ಟಡದ ಒಳಗಿಂದ ಹಾರಿಸದೆ ದಾರಿಯಿಲ್ಲ ಅನ್ನೋದು ಚೆಚೆನ್ಯಾದ ರಾಜಧಾನಿ ಗ್ರೋಝ್ನಿಯಲ್ಲಿ ಜಗತ್ತಿಗೇ ಕಂಡಿತು. 1994ರ ಡಿಸೆಂಬರ್ 31ರಂದು ರಷ್ಯಾದ ಸೇನೆ ನಗರದೊಳಕ್ಕೆ ಟ್ಯಾಂಕ್ ಸಾಲುಗಳನ್ನು ನುಗ್ಗಿಸಿತು. ಮೈಕೋಪ್‌ನ 131ನೇ ಬ್ರಿಗೇಡ್ ರೈಲು ನಿಲ್ದಾಣದ ಹತ್ತಿರ ಸಿಕ್ಕಿಹಾಕಿಕೊಂಡು ತನ್ನ ಬಹುಪಾಲು ವಾಹನಗಳನ್ನು ಕಳೆದುಕೊಂಡಿತು. ಚೆಚೆನ್ ಹೋರಾಟಗಾರರು ಆರ್‌ಪಿಜಿ ಹಿಡಿದು ನೆಲಮಾಳಿಗೆಯಲ್ಲೂ ಮೇಲಿನ ಅಂತಸ್ತುಗಳಲ್ಲೂ ಕೂತಿದ್ದರು. ಟಿ-72, ಟಿ-80ಗಳ ಫಿರಂಗಿ ಮೇಲಕ್ಕೆ ಏಳೋದು ಸುಮಾರು 14 ಡಿಗ್ರಿ, ಕೆಳಕ್ಕೆ ಬಾಗೋದು ಐದಾರು ಡಿಗ್ರಿ ಅಷ್ಟೇ. ಕಿರಿದಾದ ಬೀದಿಯಲ್ಲಿ ಐದನೇ ಅಂತಸ್ತಿನ ಕಿಟಕಿಯನ್ನಾಗಲಿ ನೆಲಮಟ್ಟದ ಗವಾಕ್ಷಿಯನ್ನಾಗಲಿ ಆ ಫಿರಂಗಿ ಮುಟ್ಟೋದಿಲ್ಲ. ವಿಮಾನಗಳಿಗೆಂದು ಇದ್ದ ತುಂಗುಸ್ಕಾ ಫಿರಂಗಿಗಳನ್ನು ತಂದು ಮೇಲಿನ ಅಂತಸ್ತುಗಳಿಗೆ ಹೊಡೆಯಬೇಕಾಯಿತು.

ಬೆನ್ನ ಹಿಂದಿನ ಗೋಡೆಯ ಸಮಸ್ಯೆಯನ್ನು ಯಾರು ಹೇಗೆ ಬಿಡಿಸಿದರು, ಅದಕ್ಕೆ ಏನು ಬೆಲೆ ಕೊಟ್ಟರು? ಭೌತಶಾಸ್ತ್ರ, ಕಟ್ಟಡ, ಸೇನೆ, ಇತಿಹಾಸ, ಯಾವ ಕಡೆಯಿಂದ ಗೊತ್ತಿದ್ದರೂ ಬರೆಯಿರಿ.

ಸಮತೂಕ

ಒಳ್ಳೆ ಪ್ರಶ್ನೆ. ಲೆಕ್ಕದಿಂದಲೇ ಶುರು ಮಾಡ್ತೀನಿ, ಲೆಕ್ಕ ಸುಲಭವಾಗಿದೆ.

2 ಕಿಲೋ ತೂಕದ ಗುಂಡು ಸೆಕೆಂಡಿಗೆ 200 ಮೀಟರ್ ವೇಗದಲ್ಲಿ ಹೊರಡುತ್ತೆ ಅಂದುಕೊಳ್ಳಿ. ಅದರ ಸಂವೇಗ, ಅಂದರೆ ತೂಕ ಗುಣಿಸು ವೇಗ, 400. ಕೊಳವೆಯ ಹಿಂಬದಿ ಮುಚ್ಚಿದ್ದರೆ ಅಷ್ಟೂ ಸಂವೇಗ ಹಾರಿಸುವವನ ಮೈಗೇ ಬರುತ್ತೆ, 80 ಕಿಲೋ ಮನುಷ್ಯ ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಹಿಂದಕ್ಕೆ ಎಸೆಯಲ್ಪಡುತ್ತಾನೆ. ಹೆಗಲ ಮೂಳೆ ಉಳಿಯೋದಿಲ್ಲ. ಆದ್ದರಿಂದ ಅಷ್ಟೇ ಸಂವೇಗವನ್ನು ಹಿಂಬದಿಯಿಂದ ಹೊರಗೆ ಬಿಡಲೇಬೇಕು. ಇದರಲ್ಲಿ ರಿಯಾಯಿತಿ ಇಲ್ಲ.

ಏನನ್ನು ಬಿಡಬೇಕು ಅನ್ನೋದು ಮಾತ್ರ ನಮ್ಮ ಕೈಲಿದೆ. ಮುನ್ನೂರು ಗ್ರಾಂ ಅನಿಲವನ್ನು ಬಿಟ್ಟರೆ ಅದು ಸೆಕೆಂಡಿಗೆ 1,300 ಮೀಟರ್‌ಗಿಂತ ಜೋರಾಗಿ ಹೋಗಬೇಕು. ಆಗ ಅದರಲ್ಲಿರೋ ಶಕ್ತಿ ಸುಮಾರು 2,67,000 ಜೂಲ್. ಅನಿಲದ ಬದಲು 2 ಕಿಲೋ ನೀರು ಬಿಟ್ಟರೆ ಸೆಕೆಂಡಿಗೆ 200 ಮೀಟರ್ ಸಾಕು, ಶಕ್ತಿ 40,000 ಜೂಲ್. ಸಂವೇಗ ಎರಡರಲ್ಲೂ ಒಂದೇ, ಆದರೆ ಕೋಣೆಯೊಳಗೆ ಸುರಿಯೋ ಶಕ್ತಿ ಏಳರಲ್ಲಿ ಒಂದು ಪಾಲಿಗೆ ಇಳೀತು. (ಈ ಅಂಕಿಗಳು ಲೆಕ್ಕಕ್ಕೆ ಹಿಡಿದವು, ಯಾವುದೇ ಒಂದು ಲಾಂಚರಿನವಲ್ಲ.) ಹಿಂಬದಿಗೆ ಭಾರ ತುಂಬಿ ಹಾರಿಸೋ ಈ ಉಪಾಯಕ್ಕೆ ಕೌಂಟರ್‌ಮಾಸ್ ಅಂತಾರೆ, ಪ್ರತಿಭಾರ ಅನ್ನೋಣ. ಅಮೆರಿಕದ ನೌಕಾಪಡೆಯ ಕ್ಲೀಲಂಡ್ ಡೇವಿಸ್ ಅನ್ನುವವರು ಮೊದಲ ಮಹಾಯುದ್ಧಕ್ಕೂ ಮುಂಚೆಯೇ ಇದನ್ನು ಮಾಡಿದ್ದರು. ಅವರ ಫಿರಂಗಿಯಲ್ಲಿ ಹಿಂದಕ್ಕೆ ಹೋಗುತ್ತಿದ್ದದ್ದು ಸೀಸದ ಗುಂಡು ಮತ್ತು ಗ್ರೀಸ್.

ಎಟಿ4 ಸಿಎಸ್‌ನಲ್ಲಿ ಹಿಂಬದಿಗೆ ತುಂಬಿರೋದು ಉಪ್ಪು ನೀರು. ಕೊರೆಯುವ ಚಳಿಯಲ್ಲೂ ಬೇಗ ಹೆಪ್ಪುಗಟ್ಟಬಾರದಲ್ಲ, ಅದಕ್ಕೆ ಉಪ್ಪು. ಮದ್ದು ಹೊತ್ತಿಕೊಂಡಾಗ ನೀರು ತುಂತುರಾಗಿ ಒಡೆದು ಅನಿಲದ ಬಿಸಿಯನ್ನೂ ಹೀರಿಕೊಳ್ಳುತ್ತೆ, ವೇಗವನ್ನೂ ತಗ್ಗಿಸುತ್ತೆ. ಇನ್ನು ಬೆಲೆ: ಸಾಮಾನ್ಯ ಎಟಿ4ರ ಗುಂಡು ಸೆಕೆಂಡಿಗೆ ಸುಮಾರು 290 ಮೀಟರ್ ವೇಗದಲ್ಲಿ ಹೊರಡುತ್ತೆ, ಸಿಎಸ್‌ನದ್ದು ಸುಮಾರು 220. ಲಾಂಚರಿನ ತೂಕ ಹೆಚ್ಚು, ಗುಂಡಿನ ದಾರಿ ಹೆಚ್ಚು ಬಾಗುತ್ತೆ. ಬೀದಿಯ ಈ ಬದಿಯಿಂದ ಆ ಬದಿಗೆ ಹೊಡೆಯುವವನಿಗೆ ಅದೇನೂ ನಷ್ಟವಲ್ಲ.

ಹಳೆಪುಟ

ಸಮತೂಕ ಅವರೇ, ಲೆಕ್ಕ ಸೊಗಸಾಗಿದೆ. ಆದರೆ ಪ್ರತಿಭಾರ ಬಿಟ್ಟು ಇನ್ನೊಂದು ದಾರಿಯೂ ಇತ್ತು, ಅದನ್ನು ಬಿಡಬಾರದು.

1943ರಲ್ಲಿ ಬ್ರಿಟಿಷರು ತಂದ ಟ್ಯಾಂಕ್ ಒಡೆಯೋ ಆಯುಧ ಪಿಯಾಟ್‌ನಲ್ಲಿ ರಾಕೆಟ್ಟೇ ಇರಲಿಲ್ಲ. ದೊಡ್ಡ ಸ್ಪ್ರಿಂಗ್ ಒಂದು ದಪ್ಪ ಸರಳನ್ನು ಮುಂದಕ್ಕೆ ತಳ್ಳುತ್ತಿತ್ತು, ಆ ಸರಳು ಬಾಂಬಿನ ಬಾಲದೊಳಗಿನ ಮದ್ದನ್ನು ಹೊತ್ತಿಸುತ್ತಿತ್ತು. ಹಿಂಬದಿಯಿಂದ ಏನೂ ಬರುತ್ತಿರಲಿಲ್ಲ. ಸ್ಪ್ರಿಂಗ್ ಎಳೆದು ಕೂರಿಸೋಕೆ ಗಟ್ಟಿಮುಟ್ಟಾದ ಆಳೂ ಬೆವರಬೇಕಿತ್ತು, ಹಾರಿಸಿದಾಗ ಹೆಗಲಿಗೆ ಒದೆತವೂ ಜೋರು, ನೂರು ಮೀಟರ್ ದಾಟಿದರೆ ಗುರಿ ನೆಚ್ಚುವಂತಿಲ್ಲ. ಆದರೂ ಮನೆಯೊಳಗಿಂದ ನಿಶ್ಚಿಂತೆಯಿಂದ ಹಾರಿಸಬಹುದಿತ್ತು. 1943ರ ಡಿಸೆಂಬರ್‌ನಲ್ಲಿ ಇಟಲಿಯ ಒರ್ಟೋನಾದಲ್ಲಿ ಕೆನಡಾದ ಸೈನಿಕರು ಬೀದಿಗೆ ಇಳಿಯೋದನ್ನೇ ಬಿಟ್ಟು, ಒಂದಕ್ಕೊಂದು ಅಂಟಿಕೊಂಡ ಮನೆಗಳ ನಡುಗೋಡೆ ಒಡೆದು ಮನೆಯಿಂದ ಮನೆಗೆ ಮುಂದುವರಿದರು. ಗೋಡೆ ಒಡೆಯೋಕೆ ಸ್ಫೋಟಕಗಳ ಜೊತೆ ಪಿಯಾಟೂ ಇತ್ತು. ಟ್ಯಾಂಕಿನ ಆಯುಧ ಗೋಡೆಯ ಆಯುಧವಾಗಿದ್ದು ಗ್ರೋಝ್ನಿಗಿಂತ ಬಹಳ ಹಿಂದೆ ಅಂತ ಹೇಳೋಕೆ ಇದನ್ನು ಬರೆದೆ.

ಆಮೇಲೆ 1970ರ ದಶಕದಲ್ಲಿ ಜರ್ಮನಿಯ ಎಂಬಿಬಿ ಕಂಪನಿ ಆರ್ಮ್‌ಬ್ರಸ್ಟ್ ಮಾಡಿತು. ಕೋಣೆಯೊಳಗಿಂದ ಹಾರಿಸೋದಕ್ಕೆಂದೇ ಯೋಚಿಸಿ ಮಾಡಿದವುಗಳಲ್ಲಿ ಇದು ಅತ್ಯಂತ ಚೊಕ್ಕ ಅಂತ ನನ್ನ ಅಭಿಪ್ರಾಯ. ಕೊಳವೆಯ ನಡುವೆ ಮದ್ದು, ಅದರ ಎರಡೂ ಕಡೆ ಒಂದೊಂದು ಪಿಸ್ಟನ್. ಮುಂದಿನ ಪಿಸ್ಟನ್ ಗುಂಡನ್ನು ತಳ್ಳುತ್ತೆ, ಹಿಂದಿನದು ಪ್ಲಾಸ್ಟಿಕ್ ಚೂರುಗಳ ಕಟ್ಟನ್ನು ತಳ್ಳುತ್ತೆ. ಎರಡೂ ಪಿಸ್ಟನ್ ಕೊಳವೆಯ ತುದಿಗೆ ಬಂದು ಅಲ್ಲೇ ಬಿಗಿಯಾಗಿ ಕಚ್ಚಿಕೊಳ್ಳುತ್ತವೆ, ಬಿಸಿ ಅನಿಲ ಒಳಗೇ ಸೆರೆ. ಬೆಂಕಿಯ ಮಿಂಚಿಲ್ಲ, ಹೊಗೆಯಿಲ್ಲ, ಸದ್ದು ಕಡಿಮೆ. ಹಗುರ ಪ್ಲಾಸ್ಟಿಕ್ ಚೂರಿಗೆ ಗಾಳಿಯ ತಡೆ ಜಾಸ್ತಿ, ಸ್ವಲ್ಪ ದೂರದಲ್ಲೇ ಸೋತು ಬೀಳುತ್ತೆ. ಹಿಂಬದಿ 80 ಸೆಂಟಿಮೀಟರ್ ಜಾಗ ಸಾಕು ಅಂತ ಅದರ ಲೆಕ್ಕ.

ತೊಂದರೆ ಎಲ್ಲಿ ಬಂತೆಂದರೆ, 67 ಮಿಲಿಮೀಟರ್ ಸಿಡಿತಲೆ ಆಗಿನ ಹೊಸ ಟ್ಯಾಂಕ್‌ಗಳಿಗೆ ಸಾಲಲಿಲ್ಲ. ತಯಾರಿಕೆ ಸಿಂಗಾಪುರಕ್ಕೆ ಹೋಯಿತು. ಅಲ್ಲಿನ ಸೇನೆಯಲ್ಲಿ ಆರ್ಮ್‌ಬ್ರಸ್ಟ್ ಜಾಗಕ್ಕೆ ಬಂದದ್ದೇ ಮಾಟಡೋರ್. ಇಸ್ರೇಲಿನ ರಫಾಯೆಲ್, ಜರ್ಮನಿಯ ಡೈನಮಿಟ್ ನೊಬೆಲ್ ಜೊತೆ ಸೇರಿ ಸಿಂಗಾಪುರ ಮಾಡಿಸಿದ್ದು. ವಂಶಾವಳಿ ನೇರವಾಗಿದೆ.

ಗಾರೆಕೆಲಸ

ನಾನು ಕಟ್ಟಡದ ಕಡೆಯವನು. ಎದುರಿನ ಗೋಡೆಯ ಬಗ್ಗೆ ಹೇಳ್ತೀನಿ, ಯಾಕೆಂದರೆ ಸಿನಿಮಾದಲ್ಲಿ ತೋರಿಸೋ ಹಾಗೆ ಒಂದು ರಾಕೆಟ್ ಹೊಡೆದರೆ ಗೋಡೆಯಲ್ಲಿ ಬಾಗಿಲಿನಷ್ಟು ತೂತು ಆಗುತ್ತೆ ಅಂತ ಬಹಳ ಜನ ನಂಬಿದ್ದಾರೆ.

ಟ್ಯಾಂಕ್ ಕೊರೆಯೋ ಸಿಡಿತಲೆಯಲ್ಲಿ ಶಂಕುವಿನ ಆಕಾರದ ಲೋಹದ ಪದರ ಇರುತ್ತೆ. ಸ್ಫೋಟ ಅದನ್ನು ಹಿಂಡಿ ಸಣ್ಣ ಜೆಟ್ ಮಾಡುತ್ತೆ. ಆ ಜೆಟ್ ಇಟ್ಟಿಗೆ ಗೋಡೆಯಲ್ಲಿ ಮಾಡೋದೂ ಸಣ್ಣ ತೂತೇ. ತೂತಿನ ನೇರಕ್ಕೆ ಇದ್ದವನು ಸಾಯಬಹುದು, ಎರಡು ಹೆಜ್ಜೆ ಪಕ್ಕದಲ್ಲಿದ್ದವನು ಬದುಕಿರಬಹುದು, ಸೈನಿಕ ಒಳಗೆ ಹೋಗೋಕಂತೂ ದಾರಿಯಾಗಲ್ಲ. ಅದಕ್ಕೇ ಗೋಡೆಗೆ ಬೇರೆ ಉಪಾಯ ಬೇಕು: ಮೆತ್ತನೆ ಸ್ಫೋಟಕ ಗೋಡೆಗೆ ಬಡಿದು ಹರಡಿಕೊಂಡು ಆಮೇಲೆ ಸಿಡಿಯಬೇಕು. ಆಗ ಆಘಾತದ ಅಲೆ ಅಗಲವಾಗಿ ಗೋಡೆಯ ದಪ್ಪವನ್ನು ದಾಟಿ, ಆಚೆ ಮುಖದಿಂದ ಹೆಕ್ಕಳಿಕೆಗಳನ್ನು ಕಿತ್ತು ಎಸೆಯುತ್ತೆ.

ಮಾಟಡೋರ್‌ನಲ್ಲಿ ಈ ಎರಡೂ ಕೆಲಸ ಒಂದೇ ಸಿಡಿತಲೆಯಲ್ಲಿದೆ. ಮೂತಿಯಲ್ಲೊಂದು ಚಾಚುಕಡ್ಡಿ ಇದೆ. ಅದನ್ನು ಹೊರಕ್ಕೆ ಎಳೆದಿಟ್ಟರೆ ಸಿಡಿತಲೆ ಗುರಿಯಿಂದ ಸ್ವಲ್ಪ ದೂರದಲ್ಲೇ ಸಿಡಿದು ಜೆಟ್ ರೂಪುಗೊಳ್ಳಲು ಜಾಗ ಸಿಗುತ್ತೆ, ಅದು ಕವಚಕ್ಕೆ. ಒಳಗೇ ಬಿಟ್ಟರೆ ಗೋಡೆಗೆ ಹರಡಿಕೊಳ್ಳುತ್ತೆ. ಒಂದು ಸಣ್ಣ ಕಡ್ಡಿಯಿಂದ ಆಯುಧದ ಸ್ವಭಾವವೇ ಬದಲಾಗೋದು ನನಗೆ ಬಹಳ ಇಷ್ಟವಾದ ವಿನ್ಯಾಸ. ಎರಡು ಇಟ್ಟಿಗೆ ಪದರದ ಗೋಡೆಯಲ್ಲಿ 450 ಮಿಲಿಮೀಟರ್‌ಗಿಂತ ದೊಡ್ಡ ತೂತು ಆಗುತ್ತೆ ಅಂತ ಹೇಳಿಕೆ ಇದೆ. ಅಂದರೆ ಒಬ್ಬ ಕಷ್ಟಪಟ್ಟು ನುಸುಳಬಹುದು, ಬೆನ್ನಿಗೆ ಚೀಲ ಇದ್ದರೆ ಅದೂ ಕಷ್ಟ. ಅದಕ್ಕೇ ಮನುಷ್ಯ ಸಲೀಸಾಗಿ ದಾಟುವಷ್ಟು ದಾರಿ ಮಾಡೋಕೆ ಮಾಟಡೋರ್-ಡಬ್ಲ್ಯೂಬಿ ಅಂತ ಬೇರೆ ಮಾದರಿ ಮಾಡಿದರು.

ಇನ್ನು ಆರ್‌ಸಿಸಿ ಗೋಡೆ ಅಂದರೆ ಕಥೆಯೇ ಬೇರೆ. ಕಾಂಕ್ರೀಟು ಪುಡಿಯಾಗಿ ಉದುರುತ್ತೆ, ಒಳಗಿನ ಕಂಬಿ ಹಾಗೇ ನಿಂತಿರುತ್ತೆ. ಕಾಂಕ್ರೀಟು ಎಳೆತಕ್ಕೆ ಸೋಲುತ್ತೆ, ಉಕ್ಕು ಸೋಲಲ್ಲ. ಹಾಗಾಗಿ ಹೊಡೆದ ಮೇಲೆ ಬೆಳಕು ಕಾಣುತ್ತೆ, ದಾರಿ ಸಿಗಲ್ಲ. ಮಣ್ಣಿನ ಗೋಡೆಯೋ, ಮರಳು ಚೀಲವೋ ಆದರೆ ಮತ್ತೊಂದು ತಲೆನೋವು, ಮೇಲ್ಮೈಯಲ್ಲೇ ಸಿಡಿದರೆ ಮಣ್ಣು ಎಲ್ಲವನ್ನೂ ನುಂಗಿಬಿಡುತ್ತೆ. 1984ರಲ್ಲಿ ಅಮೆರಿಕದ ಮರೀನ್ ಪಡೆಗೆ ಬಂದ ಸ್ಮಾ ಲಾಂಚರಿನ 83 ಮಿಲಿಮೀಟರ್ ಗುಂಡಿನ ಫ್ಯೂಸು ಇದಕ್ಕೊಂದು ಉತ್ತರ: ಗಟ್ಟಿ ಗೋಡೆಗೆ ಬಡಿದರೆ ತಕ್ಷಣ ಸಿಡಿಯುತ್ತೆ, ಮೆತ್ತನೆಯದಕ್ಕೆ ಬಡಿದರೆ ಒಳಗೆ ಹೂತುಕೊಂಡ ಮೇಲೆ. ಸೈನಿಕ ಏನನ್ನೂ ತಿರುಗಿಸಬೇಕಿಲ್ಲ.

ಹೊಸ ಓದುಗ

ಸ್ವೀಡನ್ನಿನ ಲಾಂಚರ್ ಕಾರ್ಲ್ ಗುಸ್ತಾಫ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ ಸರ್? ಅದು ನಗರಯುದ್ಧಕ್ಕೆ ಬರಲ್ವಾ?

ಬಲಹೆಗಲು

ಬರುತ್ತಪ್ಪ, ಚೆನ್ನಾಗೇ ಬರುತ್ತೆ. ನಾನು ಸೇವೆಯಲ್ಲಿದ್ದಾಗ ಹೊತ್ತಿದ್ದು ಅದನ್ನೇ, ಹಳೇ ಮಾದರಿ, 14 ಕಿಲೋ ಹತ್ತಿರ. 2014ರಲ್ಲಿ ಬಂದ ಎಂ4 ಅದರ ಅರ್ಧ ತೂಕ, 7 ಕಿಲೋಗಿಂತ ಕಮ್ಮಿ. 1948ರ ವಿನ್ಯಾಸ ಇವತ್ತೂ ನಿಂತಿದೆ ಅಂದರೆ ಕಾರಣ ಗುಂಡುಗಳ ವೈವಿಧ್ಯ. ಲಾಂಚರ್ ಅದೇ 84 ಮಿಲಿಮೀಟರ್, ಒಳಗೆ ಹಾಕೋದು ಬೇರೆ ಬೇರೆ. ಎಂಟಿ 756 ಅಂತ ಒಂದಿದೆ, ಊರೊಳಗಿನ ಕೆಲಸಕ್ಕೆಂದೇ ಮಾಡಿದ್ದು: ಮುಂದಿನ ಸಿಡಿತಲೆ ಗೋಡೆಗೆ ತೂತು ಮಾಡುತ್ತೆ, ಹಿಂದಿನದು ಆ ತೂತಿನಿಂದ ಒಳಗೆ ಹೋಗಿ ಸಿಡಿಯುತ್ತೆ. ಇಕ್ಕಟ್ಟಿನ ಜಾಗದಿಂದ ಹಾರಿಸೋ ಗುಂಡೂ ಬಂದಿದೆ, 655 ಸಿಎಸ್.

ಆದರೆ ನಾನು ಹೇಳಬೇಕಾದದ್ದು ಬೇರೆ. ಮೇಲೆ ಸಮತೂಕ ಅವರು ಲೆಕ್ಕ ಕೊಟ್ಟರು, ನಾನು ಮೈಗೆ ಆಗೋದನ್ನು ಹೇಳ್ತೀನಿ. ಹಾರಿಸೋದಕ್ಕೆ ಮುಂಚೆ ಲೋಡರ್ ಆದವನು ಕತ್ತು ತಿರುಗಿಸಿ ಹಿಂದೆ ಪೂರ್ತಿ ನೋಡಬೇಕು, ಯಾರೂ ಇಲ್ಲ ಅಂತ ಕೂಗಿ ಹೇಳಬೇಕು. ಹಾರಿಸಿದಾಗ ಸದ್ದು ಕಿವಿಗೆ ಬರೋ ಮುಂಚೆ ಎದೆಗೆ ಬರುತ್ತೆ. ಮುಖದ ಚರ್ಮ ಒಮ್ಮೆ ಒಳಕ್ಕೆ ಒತ್ತಿದ ಹಾಗೆ, ಹಲ್ಲು ಕಚ್ಚಿ ಹಿಡಿದಿದ್ದರೂ ದವಡೆ ಅದುರುತ್ತೆ. ಸುತ್ತ ಧೂಳೆದ್ದು ಒಂದಷ್ಟು ಹೊತ್ತು ಏನೂ ಕಾಣಲ್ಲ. ಇದು ಬಯಲಲ್ಲಿ. ಗೋಡೆಗಳ ನಡುವೆ ಹಾಗೇ ಹಾರಿಸಿದರೆ ಅಲೆ ಗೋಡೆಗೆ ಬಡಿದು ಮರಳಿ ಬರುತ್ತೆ, ಮೂಲೆಯಲ್ಲಿ ನಿಂತವನಿಗೆ ಇನ್ನೂ ಜಾಸ್ತಿ.

ನಮ್ಮ ಕಾಲದಲ್ಲಿ ಕಿವಿಯ ಬಗ್ಗೆ ಮಾತ್ರ ಹೇಳುತ್ತಿದ್ದರು. ಮಿದುಳಿನ ಬಗ್ಗೆ ಯಾರೂ ಕೇಳುತ್ತಿರಲಿಲ್ಲ. ತಾಲೀಮಿನಲ್ಲಿ ಮತ್ತೆ ಮತ್ತೆ ಹಾರಿಸಿದ ದಿನ ಸಂಜೆ ತಲೆನೋವು, ಹೇಳಿದ ಮಾತು ಮರೆಯೋದು, ನಿದ್ದೆ ಹತ್ತದಿರೋದು ಎಲ್ಲರಿಗೂ ಗೊತ್ತಿತ್ತು, ಯಾರೂ ಬರೆದಿಡಲಿಲ್ಲ. ಅಮೆರಿಕದ ರಕ್ಷಣಾ ಇಲಾಖೆ 2024ರ ಆಗಸ್ಟ್‌ನಲ್ಲಿ ಕಡೆಗೂ ನಿಯಮ ತಂದು, 4 ಪಿಎಸ್‌ಐ (ಚದರ ಇಂಚಿಗೆ 4 ಪೌಂಡ್) ಒತ್ತಡ ದಾಟುವ ಆಯುಧಗಳ ಹತ್ತಿರ ನಿಲ್ಲುವವರ ರಕ್ಷಣೆಗೆ ಅಳತೆಗೋಲು ಇಟ್ಟಿತು. ಹೆಗಲಿಂದ ಹಾರಿಸೋ ಭಾರಿ ಲಾಂಚರ್‌ಗಳು ಅದರಲ್ಲಿ ಮುಖ್ಯ. ಹಿಂದಿನ ಗೋಡೆ ಕೊಲ್ಲದಿದ್ದರೆ ಸಾಕು ಅಂತ ವಿನ್ಯಾಸ ಮಾಡೋದು ಬೇರೆ, ಆ ಹುಡುಗ ಐವತ್ತನೇ ವಯಸ್ಸಲ್ಲಿ ಮೊಮ್ಮಗನ ಹೆಸರು ನೆನಪಿಟ್ಟುಕೊಳ್ಳಬೇಕು ಅಂತ ಮಾಡೋದು ಬೇರೆ. ಕೋಣೆಯೊಳಗಿಂದ ಹಾರಿಸಬಹುದು ಅಂದರೆ ಎಷ್ಟು ಸಲ ಅಂತಲೂ ಕೇಳಬೇಕು.

ಕೋಟೆಬಾಗಿಲು

ಬಲಹೆಗಲು ಸರ್, ಈ ಮಾತಿಗೋಸ್ಕರವೇ ಈ ಚರ್ಚೆ ಶುರು ಮಾಡಿದ್ದು ಸಾರ್ಥಕವಾಯಿತು. ಇಂಥದ್ದು ತಯಾರಕರ ಪಟ್ಟಿಯಲ್ಲಿ ಸಿಗಲ್ಲ. ಇನ್ನೂ ಬರೆಯಿರಿ.

ತಂತಿಬೇಲಿ

ಥರ್ಮೋಬ್ಯಾರಿಕ್, ಅಂದರೆ ಇಂಧನವನ್ನು ಗಾಳಿಯಲ್ಲಿ ಹರಡಿ ಹೊತ್ತಿಸೋ ಸಿಡಿತಲೆ ಬಗ್ಗೆ ಯಾರೂ ಬರೆದಿಲ್ಲ, ಆದರೆ ನಗರಯುದ್ಧದಲ್ಲಿ ನಿಜವಾದ ಬದಲಾವಣೆ ತಂದದ್ದು ಅದೇ. ಸೋವಿಯತ್ ಸೇನೆ ಅಫ್ಘಾನಿಸ್ತಾನದಲ್ಲಿ 1980ರ ದಶಕದಲ್ಲಿ ಬಳಸಿದ ಶ್ಮೆಲ್, 93 ಮಿಲಿಮೀಟರ್, 11 ಕಿಲೋ, ಒಂದೇ ಸಲ ಹಾರಿಸಿ ಎಸೆಯೋದು. ಗ್ರೋಝ್ನಿಯಲ್ಲೂ ಬಂತು. ಆರ್‌ಪಿಜಿ-7ಕ್ಕೂ ಟಿಬಿಜಿ-7ವಿ ಅಂತ ಅಂಥದೇ ಗುಂಡು ಮಾಡಿದರು. ಅಮೆರಿಕದ ಮರೀನ್‌ಗಳು 2004ರ ನವೆಂಬರ್‌ನಲ್ಲಿ ಇರಾಕಿನ ಫಲ್ಲೂಜಾದಲ್ಲಿ ಸ್ಮಾ ಲಾಂಚರಿಗೆ ಅದೇ ಜಾತಿಯ ಗುಂಡು ಹಾಕಿ ಮನೆಗಳನ್ನು ಕೆಡವಿದರು. ಸಾಮಾನ್ಯ ಸ್ಫೋಟದ ಒತ್ತಡ ಚುರುಕಾಗಿ ಏರಿ ಚುರುಕಾಗಿ ಇಳಿಯುತ್ತೆ. ಇದರದ್ದು ಹೆಚ್ಚು ಹೊತ್ತು ನಿಲ್ಲುತ್ತೆ, ಮೂಲೆ ತಿರುಗಿ ಪಕ್ಕದ ಕೋಣೆಗೂ ಹೋಗುತ್ತೆ. ಕಂಬದ ಹಿಂದೆ ಅಡಗಿದವನು ಚೂರುಗಳಿಂದ ತಪ್ಪಿಸಿಕೊಳ್ಳಬಹುದು, ಇದರಿಂದ ಆಗಲ್ಲ.

ಹಾಗಾಗಿ ಕಟ್ಟಡದೊಳಗೆ ಬಚ್ಚಿಟ್ಟುಕೊಂಡ ಶತ್ರುವಿಗೆ ಇದೇ ಸರಿಯಾದ ಆಯುಧ. ತನ್ನ ಸೈನಿಕನನ್ನು ಒಂದೊಂದೇ ಕೋಣೆಗೆ ಕಳಿಸಿ ಸಾಯಿಸೋದಕ್ಕಿಂತ ಇದು ವಾಸಿ ಅಂತ ಯಾವ ಸೇನಾಧಿಕಾರಿಯೂ ಹೇಳ್ತಾನೆ.

ಕಿಟಕಿ

ತಂತಿಬೇಲಿ ಅವರೇ, ಕಟ್ಟಡದೊಳಗೆ ಶತ್ರು ಮಾತ್ರ ಇದ್ದಾನೆ ಅಂತ ನಿಮಗೆ ಹೇಳಿದವರು ಯಾರು? ನಗರ ಅಂದರೆ ಜನ ಇರೋ ಜಾಗ.

2004ರ ಸೆಪ್ಟೆಂಬರ್, ರಷ್ಯಾದ ಬೆಸ್ಲಾನ್ ಶಾಲೆ. ಒತ್ತೆಯಾಳುಗಳು ಸಾವಿರದ ನೂರಕ್ಕೂ ಹೆಚ್ಚು, ಬಹುಪಾಲು ಮಕ್ಕಳು ಮತ್ತು ತಾಯಂದಿರು. ಅಲ್ಲಿ ಭದ್ರತಾ ಪಡೆಗಳು ಬಳಸಿದ್ದರಲ್ಲಿ ಟ್ಯಾಂಕ್ ಫಿರಂಗಿಯ ಜೊತೆ ನೀವು ಹೇಳಿದ ಶ್ಮೆಲ್ ಕೂಡ ಇತ್ತು. ಸತ್ತವರು 334 ಜನ, ಅದರಲ್ಲಿ 186 ಮಕ್ಕಳು. ಎಲ್ಲ ಸಾವೂ ಆ ಆಯುಧದಿಂದ ಆಯಿತು ಅಂತ ನಾನು ಹೇಳುತ್ತಿಲ್ಲ, ಮಕ್ಕಳನ್ನು ಬಾಂಬುಗಳ ನಡುವೆ ಕೂರಿಸಿದವರು ಭಯೋತ್ಪಾದಕರು. ಆದರೆ 2017ರ ಏಪ್ರಿಲ್‌ನಲ್ಲಿ ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ, ಒತ್ತೆಯಾಳುಗಳು ಒಳಗಿರುವಾಗ ಇಂಥ ಆಯುಧಗಳನ್ನು ಬಳಸಿದ್ದು ಬದುಕುವ ಹಕ್ಕಿನ ಉಲ್ಲಂಘನೆ ಅಂತ ತೀರ್ಪು ಕೊಟ್ಟಿತು.

ಮೂಲೆ ತಿರುಗಿ ಪಕ್ಕದ ಕೋಣೆಗೆ ಹೋಗುತ್ತೆ ಅಂತ ನೀವೇ ಬರೆದಿರಿ. ಆ ಪಕ್ಕದ ಕೋಣೆಯಲ್ಲಿ ಯಾರಿದ್ದಾರೆ ಅಂತ ಹಾರಿಸುವವನಿಗೆ ಕಾಣಲ್ಲ. ಗೋಡೆ ದಾಟಿ ಹೋಗೋ ಆಯುಧಕ್ಕೂ ಗೋಡೆ ದಾಟಿ ನೋಡೋ ಕಣ್ಣಿಗೂ ನಡುವೆ ಇರೋ ಅಂತರ, ನನ್ನ ಪ್ರಕಾರ ಇಡೀ ಚರ್ಚೆಯಲ್ಲಿ ಅತಿ ಮುಖ್ಯವಾದ ಅಳತೆ. 2022ರ ನವೆಂಬರ್‌ನಲ್ಲಿ ಡಬ್ಲಿನ್‌ನಲ್ಲಿ 80ಕ್ಕೂ ಹೆಚ್ಚು ದೇಶಗಳು ಜನವಸತಿಯಲ್ಲಿ ಸ್ಫೋಟಕ ಆಯುಧಗಳ ಬಳಕೆ ಬಗ್ಗೆ ಘೋಷಣೆಗೆ ಒಪ್ಪಿದವು. ಅದು ಕಾನೂನಲ್ಲ, ರಾಜಕೀಯ ಮಾತು. ಆದರೂ ಮಾತಾದರೂ ಕೊಟ್ಟಿದ್ದಾರೆ.

ತಂತಿಬೇಲಿ

ಕಿಟಕಿ ಅವರೇ, ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಹೆಗಲ ರಾಕೆಟ್ ಬೇಡ ಅಂದರೆ ಅದರ ಜಾಗಕ್ಕೆ ಬರೋದು ಟ್ಯಾಂಕ್ ಫಿರಂಗಿ, ಇಲ್ಲ ವಿಮಾನದ ಬಾಂಬು. ಒಂದು ಕೋಣೆಗೆ ಹೊಡೆಯೋ ಬದಲು ಇಡೀ ಕಟ್ಟಡ ಬೀಳುತ್ತೆ. ಸಣ್ಣ ಸಿಡಿತಲೆ, ಹತ್ತಿರದಿಂದ, ಕಣ್ಣಾರೆ ನೋಡಿ ಹೊಡೆಯೋದು ಜನರಿಗೂ ಕಡಿಮೆ ಅಪಾಯ ಅಂತಲೇ ನನ್ನ ವಾದ.

ಕೋಟೆಬಾಗಿಲು

ಇಬ್ಬರ ಮಾತಿಗೂ ಆಧಾರ ಇದೆ, ಆದರೆ ನಾನು ನಿಲ್ಲೋದು ಕಿಟಕಿ ಅವರ ಪಕ್ಕ. ಸಣ್ಣ ಸಿಡಿತಲೆ ವಾಸಿ ಅನ್ನೋ ವಾದ ಇಟ್ಟಿಗೆ ಒಡೆಯೋ ಗುಂಡಿಗೆ, ಎಂಟಿ 756ಕ್ಕೆ ಒಪ್ಪುತ್ತೆ, ಅಲ್ಲಿ ಪರಿಣಾಮ ಬಹುಮಟ್ಟಿಗೆ ಒಂದು ಕೋಣೆಯೊಳಗೆ ನಿಲ್ಲುತ್ತೆ. ಥರ್ಮೋಬ್ಯಾರಿಕ್‌ನ ಹೆಗ್ಗಳಿಕೆಯೇ ಕೋಣೆಯೊಳಗೆ ನಿಲ್ಲದಿರೋದು. ಅದನ್ನು ನಿಖರ ಆಯುಧ ಅಂತ ಕರೆಯೋಕೆ ನನಗೆ ಮನಸ್ಸು ಒಪ್ಪಲ್ಲ.

ಸಮತೂಕ

ಹೆಗಲಿಂದ ಹಾರಿಸೋ ಟ್ಯಾಂಕ್‌ನಾಶಕ ಕ್ಷಿಪಣಿ ಎನ್‌ಲಾ ಬಗ್ಗೆ ಒಂದು ಮಾತು ಸೇರಿಸ್ತೀನಿ, ಅದು ಬೆನ್ನ ಹಿಂದಿನ ಗೋಡೆಗೆ ಮೂರನೇ ಉತ್ತರ. ಸಣ್ಣ ಮದ್ದು ಕ್ಷಿಪಣಿಯನ್ನು ಮೆಲ್ಲಗೆ ಹೊರಕ್ಕೆ ತಳ್ಳುತ್ತೆ, ಮುಖ್ಯ ಮೋಟರ್ ಹೊತ್ತಿಕೊಳ್ಳೋದು ಹಾರಿಸಿದವನಿಂದ ಸುರಕ್ಷಿತ ದೂರ ಹೋದ ಮೇಲೆ. ತೂಕ 12.5 ಕಿಲೋ. ಕೋಣೆಯೊಳಗಿಂದ ಹಾರಿಸಬಹುದು, ಆದರೆ ಗುರಿ ಕನಿಷ್ಠ 20 ಮೀಟರ್ ದೂರ ಇರಬೇಕು. ಇಕ್ಕಟ್ಟಿನ ಬೀದಿಯಲ್ಲಿ ಆ 20 ಮೀಟರ್ ಕೂಡ ಕೆಲವೊಮ್ಮೆ ಸಿಗಲ್ಲ. ಹಾಗಾಗಿ ಅದು ಬೀದಿಯ ತುದಿಯಲ್ಲಿ ಬರೋ ಟ್ಯಾಂಕಿಗೆ ಸರಿ, ಎದುರು ಮನೆಗೆ ಅಲ್ಲ.

ಹೊಸ ಓದುಗ

ಇನ್ನೊಂದು ಪ್ರಶ್ನೆ. ಉಕ್ರೇನ್‌ನಲ್ಲಿ ಈಗ ಎಫ್‌ಪಿವಿ ಡ್ರೋನಿಗೆ (ಅದರ ಕ್ಯಾಮೆರಾದಲ್ಲಿ ನೋಡಿಕೊಂಡೇ ಓಡಿಸೋ ಡ್ರೋನ್) ಆರ್‌ಪಿಜಿ-7ರ ಸಿಡಿತಲೆಯನ್ನೇ ಕಟ್ಟಿ ಕಿಟಕಿಯಿಂದ ಒಳಗೆ ನುಗ್ಗಿಸ್ತಾರೆ. ಹಾರಿಸುವವನು ಕಿಲೋಮೀಟರ್‌ಗಟ್ಟಲೆ ದೂರ, ಬೆನ್ನ ಹಿಂದಿನ ಗೋಡೆಯ ಸಮಸ್ಯೆಯೇ ಇಲ್ಲ. ಹಾಗಾದರೆ ಹೆಗಲ ಲಾಂಚರಿನ ಕಾಲ ಮುಗೀತಾ?

ಬಲಹೆಗಲು

ಮುಗಿದಿಲ್ಲಪ್ಪ. ಡ್ರೋನಿಗೆ ಹಾರಿಸುವ ತಂಡ ಬೇಕು, ಬ್ಯಾಟರಿ ಬೇಕು, ರೇಡಿಯೊ ಜಾಮ್ ಆಗದಿರಬೇಕು, ಇಲ್ಲ ಅಂದರೆ ಹಿಂದೆ ಫೈಬರ್ ಎಳೆ ಎಳೆದುಕೊಂಡು ಹೋಗಬೇಕು. ಆಚೆ ಬದಿಯ ಮನೆಯಿಂದ ಮೆಷಿನ್‌ಗನ್ ಶುರುವಾದಾಗ ಮೆಟ್ಟಿಲ ಕೆಳಗೆ ಕೂತ ಎಂಟು ಜನಕ್ಕೆ ಆ ಕ್ಷಣಕ್ಕೆ ಏನು ಇದೆ ಅನ್ನೋದೇ ಪ್ರಶ್ನೆ. ಅವರ ಬೆನ್ನಲ್ಲಿರೋ ಕೊಳವೆ ಕೆಲವೇ ಸೆಕೆಂಡಲ್ಲಿ ಹೆಗಲಿಗೆ ಬರುತ್ತೆ, ಯಾರನ್ನೂ ಕೇಳಬೇಕಿಲ್ಲ.

ಅಮೆರಿಕದ ಮರೀನ್‌ಗಳು ಇತ್ತೀಚೆಗೆ ಎಂ72 ಎಫ್‌ಎಫ್‌ಇ ತೆಗೆದುಕೊಂಡದ್ದು ಇದೇ ಕಾರಣಕ್ಕೆ. 1963ರ ಮೂಲ ಎಂ72 ಎರಡೂವರೆ ಕಿಲೋ ಇತ್ತು, ಒಬ್ಬ ಎರಡು ಹೊತ್ತುಕೊಂಡು ಓಡಬಹುದಿತ್ತು, ಕೋಣೆಯೊಳಗಿಂದ ಹಾರಿಸುವಂತಿರಲಿಲ್ಲ. ಹೊಸದು ಅದಕ್ಕಿಂತ ಸಾಕಷ್ಟು ಭಾರ, ಆದರೆ ಒಳಗಿಂದ ಹಾರಿಸಬಹುದು. ಕವಚಕ್ಕೆ ಒಂದು ಮಾದರಿ, ಕಟ್ಟಡಕ್ಕೆ ಒಂದು ಮಾದರಿ. ಆ ಹೆಚ್ಚಿನ ತೂಕದಲ್ಲಿ ದೊಡ್ಡ ಪಾಲು ಬೆನ್ನ ಹಿಂದಿನ ಗೋಡೆಗೆ ಕೊಟ್ಟ ಬೆಲೆ. ಹೊತ್ತವನಾಗಿ ಹೇಳ್ತೀನಿ, ಅದಕ್ಕೆ ನಾನು ಖುಷಿಯಿಂದ ಹೆಗಲು ಕೊಡುತ್ತಿದ್ದೆ.

ಗಾರೆಕೆಲಸ

ಬಲಹೆಗಲು ಸರ್, ಹಾಗೆ ಒಳಗಿಂದ ಹಾರಿಸೋಕೆ ಮುಂಚೆ ಕೋಣೆಯನ್ನು ಏನಾದರೂ ಸಿದ್ಧ ಮಾಡಿಕೊಳ್ಳಬೇಕಾ? ಗಿಲಾವು ಸಡಿಲ ಇರೋ ಹಳೇ ಕಟ್ಟಡ ಆದರೆ ಚಾವಣಿಯಿಂದ ಚಕ್ಕೆ ಬೀಳೋದು ಖಂಡಿತ.

ಬಲಹೆಗಲು

ಬೀಳುತ್ತೆ. ಬಾಗಿಲು ಕಿಟಕಿ ಎಷ್ಟಿದ್ದರೆ ಅಷ್ಟೂ ತೆರೆದಿಡಬೇಕು, ಒತ್ತಡ ಹೊರಗೆ ಹೋಗೋಕೆ ದಾರಿ ಬೇಕು. ಗಾಜು ಇರಬಾರದು, ಹಿಂದೆ ಹಗುರವಾಗಿ ಹಾರೋ ಸಾಮಾನು ಇರಬಾರದು. ಕೋಣೆ ದೊಡ್ಡದಿದ್ದಷ್ಟೂ ಒಳ್ಳೇದು. ಕೊಳವೆಯ ಹಿಂದೆ ಯಾರೂ ನಿಲ್ಲಬಾರದು, ಪ್ರತಿಭಾರ ಇದ್ದರೂ ಸರಿ, ನೀರಾದರೂ ಸರಿ, ಹತ್ತಿರದಲ್ಲಿ ಅದು ಏಟೇ. ಕಿವಿಗೆ ಒಳಗೊಂದು ಹೊರಗೊಂದು ಎರಡು ರಕ್ಷಣೆ. ಮೊದಲ ಗುಂಡು ಆದ ಮೇಲೆ ಧೂಳಿಗೆ ಆ ಕೋಣೆಯಿಂದ ಗುರಿ ಕಾಣಲ್ಲ, ಆದ್ದರಿಂದ ಎರಡನೆಯದಕ್ಕೆ ಬೇರೆ ಕೋಣೆ ನೋಡಿಕೊಂಡಿರಬೇಕು.